ಸಹಾಯ ಬೇಕು: ಕಬ್ಬನ್ ಪಾರ್ಕಿನ ಸೈಕಲ್ ವೇಗಕ್ಕೆ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಕಾರು, ಬೈಕ್ ಬಿಡುವುದಿಲ್ಲ ಅಂತ ಮಾವನವರನ್ನು ಅಲ್ಲಿಗೇ ವಾಕಿಂಗ್‌ಗೆ ಕರೆದುಕೊಂಡು ಹೋಗುತ್ತೇನೆ. ಅವರಿಗೆ 74 ವರ್ಷ, ಮಂಡಿ ಆಪರೇಷನ್ ಆಗಿದೆ, ಕಿವಿಯೂ ಸ್ವಲ್ಪ ಮಂದ.

ಹೋದ ವಾರ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಹತ್ತಿರ ಏಳೆಂಟು ಜನ ರೇಸ್ ಸೈಕಲ್‌ನಲ್ಲಿ ಹಿಂದಿನಿಂದ ಒಟ್ಟಿಗೆ ನುಗ್ಗಿದರು. ಬೆಲ್ ಇಲ್ಲ. "ಸೈಡ್! ಸೈಡ್!" ಅಂತ ಕೂಗಿದ್ದೇ ಬಂತು. ಮಾವ ಗಾಬರಿಯಾಗಿ ಸೈಕಲ್ ಬರುತ್ತಿದ್ದ ಕಡೆಗೇ ತಿರುಗಿದರು. ಹ್ಯಾಂಡಲ್ ಮೊಣಕೈಗೆ ತಾಗಿ ತರಚಿತು. ಒಬ್ಬರೂ ನಿಲ್ಲಲಿಲ್ಲ. ಈಗ ಅವರು ವಾಕಿಂಗೇ ಬೇಡ ಅನ್ನುತ್ತಿದ್ದಾರೆ.

ಸೈಕಲ್ ಮೇಲೆ ನನಗೆ ಕೋಪವಿಲ್ಲ. ಕಾಲೇಜಿಗೆ ನಾನೂ ಅದರಲ್ಲೇ ಹೋದವಳು. ಓಲಾಡುತ್ತಾ ಕಲಿಯುವ ಮಕ್ಕಳಿಂದಲೂ ತೊಂದರೆ ಇಲ್ಲ, ಈ ವೇಗದವರದ್ದೇ ಕಾಟ.

ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ದಾರಿಯಲ್ಲಿ ಅಜಾಗರೂಕ ಚಾಲನೆ, ಸವಾರಿ ಎರಡಕ್ಕೂ ಅನ್ವಯಿಸುತ್ತದೆ. ಆದರೆ ನಂಬರ್ ಪ್ಲೇಟೇ ಇಲ್ಲದ ಸೈಕಲ್ ಮೇಲೆ ದೂರು ಕೊಡೋದು ಹೇಗೆ? ಪಾರ್ಕ್ ನೋಡಿಕೊಳ್ಳುವ ತೋಟಗಾರಿಕೆ ಇಲಾಖೆಗೆ ಯಾರಾದರೂ ಬರೆದಿದ್ದೀರಾ, ಉತ್ತರ ಬಂತಾ? ಸೈಕಲ್ ಗುಂಪಿನವರು ಇಲ್ಲಿದ್ದರೆ, ನಿಮ್ಮವರ ಹತ್ತಿರ ಮಾತಾಡಲು ದಾರಿ ತೋರಿಸಿ, ಜಗಳಕ್ಕೆ ಬರುವುದಿಲ್ಲ. ಬೆಳಿಗ್ಗೆ 7ರ ಹೊತ್ತಿಗೆ ಸೈಕಲ್ ಕಾಟವಿಲ್ಲದ ಕಾಲುದಾರಿ ಗೊತ್ತಿದ್ದರೂ ಹೇಳಿ. ಮೆಟ್ಟಿಲು ಇರಬಾರದು, ಮಾವನಿಗೆ ಆಗಲ್ಲ.