'ಟೋಟೆಮ್' ಎಂಬಲ್ಲಿ 'ಬೆಡಗು' ಸಲ್ಲುತ್ತದೆಯೇ?

ಕೆನಡಾದ ಅನಿಶಿನಾಬೆ ಎಂಬ ಮೂಲನಿವಾಸಿ ಜನಾಂಗದ ಚಿತ್ರಕಾರ ನಾರ್ವಲ್ ಮಾರಿಸೊ (1932–2007) ಅವರ ಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯಬೇಕಿದೆ. ಒಂದು ಕುಲದವರು ತಮ್ಮದೆನ್ನುವ ಪ್ರಾಣಿಯ ಗುರುತಾದ 'ಟೋಟೆಮ್'ಗೆ ಕುಲಲಾಂಛನ ಎನ್ನಲೋ, ಬೆಡಗು (ಮದುವೆಯ ನಂಟಿಗೆ ನೋಡುವ ಒಳಕುಲ) ಎನ್ನಲೋ? 'ಥಂಡರ್‌ಬರ್ಡ್' ಬಂದಲ್ಲಿ ಗರುಡ ಎಂದರೆ ಸಾಕೆ? ಬಲ್ಲವರು ತಿಳಿಸಿ.

ಉತ್ತರ: ಬೆಡಗು ಸಲ್ಲುತ್ತದೆ ಸರ್, ಆದರೆ ಎಲ್ಲ ಕಡೆಯೂ ಅಲ್ಲ.

ಟೋಟೆಮ್ ಬಂದದ್ದೇ ಅನಿಶಿನಾಬೆಯವರ ನುಡಿಯಿಂದ. ಅಲ್ಲಿ ಯಾರದು ಎಂಬುದು ಪದದೊಳಗೇ ಸೇರಿರುತ್ತದೆ: 'ನಿಂದೋದೇಮ್' ಎಂದರೆ ನನ್ನದು, 'ಗಿದೋದೇಮ್' ಎಂದರೆ ನಿನ್ನದು. ವಾಡಿಕೆಯಂತೆ ತಂದೆಯಿಂದ ಬರುತ್ತದೆ. ಒಂದೇ 'ದೋದೇಮ್' (ಟೋಟೆಮ್) ಇರುವವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ನಮ್ಮ ಕುರುಬರ ಬೆಡಗೂ ಹೀಗೆಯೇ. ಕರಾವಳಿಯ 'ಬಳಿ'ಯೂ ಹತ್ತಿರದ ಪದವೇ, ಆದರೆ ಅಳಿಯಸಂತಾನದವರಲ್ಲಿ ಅದು ತಾಯಿಯ ಕಡೆಯದು. ಲಾಂಛನ ಬೇಡ. ಚಾಲುಕ್ಯರ ವರಾಹದಂತೆ ಅದು ಗುರುತಾದೀತೇ ಹೊರತು ನೆಂಟಸ್ತಿಕೆ ಆಗದು.

ಒಂದು ಎಚ್ಚರಿಕೆ: 'ಕರಡಿಯ ಬೆಡಗು' ಎಂದು ಬರೆದರೆ ಓದುಗರು ಕರಡಿಯ ಬಿನ್ನಾಣ ಎಂದುಕೊಂಡಾರು! ಷಷ್ಠಿ ಬಿಟ್ಟು 'ಕರಡಿ ಬೆಡಗಿನವರು' ಎನ್ನಿ.

ಎಡವಟ್ಟಾಗುವುದು ಮುಂದೆ. 1791ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಜಾನ್ ಲಾಂಗ್ ಎಂಬ ತುಪ್ಪಳದ ವ್ಯಾಪಾರಿ ಈ ಪದವನ್ನು ಒಬ್ಬೊಬ್ಬರನ್ನು ಕಾಯುವ ಶಕ್ತಿಗೆ ಬಳಸಿದ. ಅಂದಿನಿಂದ ಬೆಡಗೂ ಕಾವಲುಶಕ್ತಿಯೂ ಕಲಸಿಹೋಗಿವೆ. ಚಿತ್ರದಲ್ಲಿ ಕಂಡ ಪ್ರಾಣಿಯೆಲ್ಲ ದೋದೇಮ್ ಅಲ್ಲ. ಕೊಕ್ಕರೆ ಜಾತಿಯ ಅಜಿಜಾಕ್, ಕರಡಿ ಮಕ್ವ, ಇವು ಬೆಡಗಿನ ಹೆಸರುಗಳೂ ಹೌದು. ಆದರೆ ಕೊಂಬು, ಉದ್ದ ಬಾಲ, ಬೆನ್ನುದ್ದಕ್ಕೂ ಮುಳ್ಳಿರುವ ಬೆಕ್ಕಿನಂಥದ್ದು ಕಂಡರೆ ಅದು ಮಿಶಿಬಿಝಿವ್, ನೀರಡಿಯ 'ಮನಿದೋ', ಎಂದರೆ ಅಲೌಕಿಕ ಶಕ್ತಿ. ಸುಪೀರಿಯರ್ ಸರೋವರದ ದಡದ ಅಗಾವಾ ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದಿರುವುದೂ ಅದನ್ನೇ. ಅದಕ್ಕೆ ಬೆಡಗು ಎನ್ನುವಂತಿಲ್ಲ. ಹೆಸರನ್ನು ಹಾಗೆಯೇ ಇಡಿ.

ಗರುಡ ಎನ್ನಲು ಮನಸ್ಸಾಗುವುದು ಸಹಜ, ಥಂಡರ್‌ಬರ್ಡ್‌ಗೂ ನೀರಡಿಯ ಸರ್ಪದೊಡನೆ ವೈರವಿದೆ. ಆದರೆ ನಮ್ಮ ಗರುಡ ಒಬ್ಬನೇ, ವಿಷ್ಣುವಿನ ವಾಹನ. ಅನಿಮಿಕೀಗಳು (ಥಂಡರ್‌ಬರ್ಡ್‌ಗೆ ಅವರ ನುಡಿಯ ಹೆಸರು) ಹಲವು, ಯಾರ ವಾಹನವೂ ಅಲ್ಲ, ಗುಡುಗೇ ಅವು. 'ಗುಡುಗುಹಕ್ಕಿ' ಸಾಕು. ಮಾರಿಸೊ ಅವರ ಅನಿಶಿನಾಬೆ ಹೆಸರನ್ನೂ 'ತಾಮ್ರದ ಗುಡುಗುಹಕ್ಕಿ' ಎನ್ನಬಹುದು; ಚಿತ್ರದ ಮೇಲೆ ಕ್ರೀ ಎಂಬ ಮೂಲನಿವಾಸಿ ಜನರ ಲಿಪಿಯಲ್ಲಿ ಕಾಣುವ ರುಜು ಅದೇ.

ಇನ್ನೊಂದು, ನೀವು ಕೇಳದ್ದು. ಈ ಶೈಲಿಯಲ್ಲಿ ದಪ್ಪ ಕಪ್ಪು ಗೆರೆಯೊಳಗೆ ಪ್ರಾಣಿಯ ಒಡಲು ಬಣ್ಣದ ಕೋಣೆಗಳಾಗಿ ತೆರೆದಿರುತ್ತದೆ. ಒಂದರ ಮೈಯಿಂದ ಹೊರಟ ಗೆರೆ ಇನ್ನೊಂದರ ಮೈಗೆ ಹೋಗಿ ಮುಟ್ಟುತ್ತದೆ. ಅದನ್ನು 'ದಾರ', 'ಬಳ್ಳಿ', 'ಅಲಂಕಾರ' ಎಂದೆಲ್ಲ ಬರೆದದ್ದು ಓದಿದ್ದೇನೆ. ಶಕ್ತಿಯೂ ನಂಟೂ ಹರಿಯುವ ಗೆರೆ ಅದು. 'ನಂಟುಗೆರೆ' ಎಂದರೆ ಹೇಗೆ?