ಶಿರಸಿಯ ಅಟ್ಟದಲ್ಲಿ ಸಿಕ್ಕ ಜಪಾನ್ ಗಿಟಾರ್: ಮೊದಲು ನೆಕ್ ನೋಡಿ

ಶಿರಸಿಯ ಗೆಳೆಯರೊಬ್ಬರು ಕೇಳಿದ್ದಾರೆ: ಅಲ್ಲಿಯ ಒಂದು ರೇಡಿಯೊ ರಿಪೇರಿ ಅಂಗಡಿಯ ಅಟ್ಟದಲ್ಲಿ ಕೆಂಪು ಬಣ್ಣದ ಹಳೇ ಎಲೆಕ್ಟ್ರಿಕ್ ಗಿಟಾರ್ ಇದೆ. ಮೂರು ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಭಾಗ), ಪ್ರತಿಯೊಂದಕ್ಕೂ ಒಂದೊಂದು ಸ್ವಿಚ್. ತಲೆಯ ಮೇಲೆ ಹೆಸರಿಲ್ಲ. ಹಿಂದಿನ ಪ್ಲೇಟಿನಲ್ಲಿ 'ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್, ಜಪಾನ್' ಅಂತ ಕೊರೆದಿದೆ. ಅಂಗಡಿಯವರು ಒಂಬತ್ತು ಸಾವಿರ ಹೇಳುತ್ತಿದ್ದಾರೆ. ತಗೊಳ್ಳಬಹುದಾ?

ನೆಕ್, ಅಂದರೆ ಬೆರಳಾಡಿಸುವ ಉದ್ದನೆಯ ಕತ್ತು, ನೆಟ್ಟಗಿದ್ದರೆ ಖಂಡಿತ ತಗೊಳ್ಳಿ. ಬಾಗಿದ್ದರೆ ಎಷ್ಟೇ ಚಂದ ಕಂಡರೂ ಬಿಟ್ಟುಬಿಡಿ. ಉಳಿದಿದ್ದೆಲ್ಲ ಆಮೇಲಿನ ಮಾತು.

ನಾನು ಕಾರವಾರದವನು, ಚರ್ಚ್ ಫೆಸ್ತ ಮತ್ತು ಮದುವೆಗಳಲ್ಲಿ ನುಡಿಸುತ್ತೇನೆ. ನನ್ನ ಹತ್ತಿರ ಇರುವುದೂ ಇದೇ ಜಾತಿಯದು. ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ, ಹಳೇ ಹಾರ್ನ್ ಸ್ಪೀಕರ್‌ಗಳ ಹಿಂದೆ ಧೂಳು ತಿನ್ನುತ್ತಾ ನಿಂತಿತ್ತು. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಸಿಗುವುದರಲ್ಲಿ ಅರ್ಥವಿದೆ. ಹಡಗಿನಲ್ಲಿ ದುಡಿದವರು, ಗಲ್ಫ್‌ಗೆ ಹೋದವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಗೋವಾ ಪಕ್ಕದಲ್ಲೇ ಇದೆ. ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ಬಂದ ಮೇಲೆ ಎಷ್ಟೋ ಗಿಟಾರ್‌ಗಳು ಅಟ್ಟ ಸೇರಿದವು.

ಆ ಪ್ಲೇಟ್ ಬಗ್ಗೆ ಹೇಳಬೇಕು. ಅದು 1960ರ ದಶಕದ ಜಪಾನ್ ಗಿಟಾರ್‌ಗಳಲ್ಲಿ ಕಾಣುವ ಗುರುತು. ಆಗ ಅಲ್ಲಿಯ ಬೇರೆ ಬೇರೆ ಕಾರ್ಖಾನೆಗಳು ಹೊರದೇಶದ ಅಂಗಡಿಗಳಿಗೆ ಅವರವರ ಹೆಸರಿನಲ್ಲೇ ಗಿಟಾರ್ ಮಾಡಿ ಕಳಿಸುತ್ತಿದ್ದವು. ಹಾಗಾಗಿ ಹೆಸರಿಲ್ಲ ಅಂದಮಾತ್ರಕ್ಕೆ ನಕಲಿ ಅಲ್ಲ. ಸ್ವಿಚ್ ಸಾಲು ನೋಡಿದವರು 'ಟೀಸ್ಕೋ' ಅನ್ನುತ್ತಾರೆ. ಟೀಸ್ಕೋ 1946ರಲ್ಲಿ ಶುರುವಾದ ಕಂಪನಿ, 1967ರಲ್ಲಿ ಕವಾಯ್ ಎಂಬ ಇನ್ನೊಂದು ವಾದ್ಯ ಕಂಪನಿ ಅದನ್ನು ಕೊಂಡಿತು. ನಿಮ್ಮದು ಅವರದೇ ಇರಬಹುದು, ಆದರೆ ಪ್ಲೇಟ್ ಒಂದನ್ನೇ ನಂಬಿ ಆ ಹೆಸರಿಗೆ ದುಡ್ಡು ಕೊಡಬೇಡಿ.

'ರೀಇನ್‌ಫೋರ್ಸ್ಡ್' ಅಂದರೆ ಒಳಗೆ ಉಕ್ಕಿನ ಸರಳಿದೆ ಅಂತ ಮಾತ್ರ. ಅದನ್ನು ತಿರುಗಿಸಿ ನೆಕ್ ಸರಿ ಮಾಡಬಹುದು ಅಂತಲ್ಲ. ತಲೆಯ ಹತ್ತಿರ ಸಣ್ಣ ಮುಚ್ಚಳವೋ ತಿರುಗಿಸುವ ನಟ್ಟೋ ಇದೆಯಾ ನೋಡಿ. ಇಲ್ಲದಿದ್ದರೆ ನೆಕ್ಕಿನ ಬುಡದ ಕಡೆಯೂ ಒಮ್ಮೆ ನೋಡಿ. ಎಲ್ಲೂ ಇಲ್ಲ ಅಂದರೆ ಬಾಗಿದ ನೆಕ್ಕನ್ನು ನೆಟ್ಟಗೆ ಮಾಡುವುದು ದೊಡ್ಡ ಕೆಲಸ, ಗಿಟಾರಿನ ಬೆಲೆಗಿಂತ ಜಾಸ್ತಿ ಆಗಬಹುದು.

ಪರೀಕ್ಷೆ ಸುಲಭ. ಹೊಸ ತಂತಿ ಸೆಟ್ ಒಂದು ಜೊತೆಗೆ ಒಯ್ಯಿರಿ, ತುಕ್ಕು ಹಿಡಿದ ತಂತಿ ಬಿಗಿ ಮಾಡುವಾಗಲೇ ಹರಿಯುತ್ತದೆ. ಶ್ರುತಿ ಮಾಡಿ. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳೇ ಫ್ರೆಟ್. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಎಡಗೈಯಿಂದ, ಕೊನೆಯ ಫ್ರೆಟ್‌ನಲ್ಲಿ ಬಲಗೈಯಿಂದ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಸ್ಕೇಲ್. ಏಳನೇ, ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಕಾಗದದಷ್ಟು ಸಂದು ಇದ್ದರೆ ಒಳ್ಳೆಯದು. ವಿಸಿಟಿಂಗ್ ಕಾರ್ಡ್ ಸಡಿಲವಾಗಿ ಓಡಾಡಿದರೆ ಬಾಗಿದೆ. ಸಂದೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರಬಹುದು. ತೆಳು ತಂತಿಗೂ ಹೀಗೇ ಮಾಡಿ. ಎರಡೂ ಕಡೆ ಬೇರೆ ಬೇರೆ ಅಳತೆ ಬಂದರೆ ನೆಕ್ ತಿರುಚಿದೆ, ಅದಕ್ಕೆ ಕೈ ಹಾಕಬೇಡಿ.

ಒಂದು ವಿಷಯದಲ್ಲಿ ತುಂಬಾ ಜನ ಹೆದರಿ ಹಿಂದೆ ಸರಿಯುತ್ತಾರೆ. ತಂತಿಗಳು ಫ್ರೆಟ್‌ಗಿಂತ ಎಷ್ಟೋ ಎತ್ತರದಲ್ಲಿ ನಿಂತಿದ್ದರೆ ನೆಕ್ ಕೆಟ್ಟಿದೆ ಅಂತಲೇ ಅರ್ಥವಲ್ಲ. ಒಂದು ಕಾಲದಲ್ಲಿ ನಮ್ಮಲ್ಲಿ ಹವಾಯಿಯನ್ ಶೈಲಿ ಬಹಳ ಜನಪ್ರಿಯ. ವ್ಯಾನ್ ಶಿಪ್ಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಿನಿಮಾ ಹಾಡು ನುಡಿಸಿದ ರೆಕಾರ್ಡ್‌ಗಳನ್ನು ಮನೆಯ ಹಿರಿಯರು ಕೇಳಿರುತ್ತಾರೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡು ಜಾರಿಸಿ ನುಡಿಸಲು ತಂತಿ ಎತ್ತರ ಇರಬೇಕು. ಅದಕ್ಕೆ ನಟ್ ಮೇಲೆ, ಅಂದರೆ ತಲೆಯ ಬುಡದಲ್ಲಿ ತಂತಿಗಳು ಕೂರುವ ಅಡ್ಡತುಂಡಿನ ಮೇಲೆ, ಒಂದು ಲೋಹದ ಪಟ್ಟಿ ಕೂರಿಸುತ್ತಿದ್ದರು. ನನ್ನ ಗಿಟಾರಿನಲ್ಲೂ ಅದಿತ್ತು. ತಂತಿ ಸಡಿಲಿಸಿದಾಗ ಪಟ್ಟಿ ಕೈಗೇ ಬಂತು, ಅದರಡಿ ಮೂಲ ನಟ್ ಹೊಸದರ ಹಾಗೆ ಬೆಳ್ಳಗಿತ್ತು.

ನೆಕ್ ಪಾಸಾದರೆ ಮಲ್ಟಿಮೀಟರ್ ತೆಗೆಯಿರಿ. ರಿಪೇರಿ ಅಂಗಡಿ ಅಲ್ವಾ, ಅಲ್ಲೇ ಸಿಗುತ್ತದೆ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಒಂದು ಪಿಕಪ್ ಮಾತ್ರ ಆನ್ ಮಾಡಿ. ಕೇಬಲ್ಲಿನ ಇನ್ನೊಂದು ತುದಿಯ ಪಿನ್ನಿನ ತುದಿಗೂ ಬುಡಕ್ಕೂ ಓಮ್ಸ್ ಅಳೆಯಿರಿ. ಕೆಲವು ಸಾವಿರ ಓಮ್ಸ್ ತೋರಿಸಿದರೆ ಪಿಕಪ್ ಜೀವಂತ. ಲಕ್ಷಗಳಲ್ಲಿ ತೋರಿಸಿದರೆ ನೀವು ನೋಡುತ್ತಿರುವುದು ವಾಲ್ಯೂಮ್ ಕಂಟ್ರೋಲಿನ ಅಳತೆ. ಪಿಕಪ್‌ನಲ್ಲೋ ಸ್ವಿಚ್‌ನಲ್ಲೋ ಸಂಪರ್ಕ ತಪ್ಪಿದೆ. ಆಗ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬೆಸುಗೆ ನೋಡಿ, ಮತ್ತೆ ಅಳೆಯಿರಿ. ಆದರೂ ಬರದಿದ್ದರೆ ಒಳಗಿನ ಸುರುಳಿ ಹರಿದಿರುವ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ ಆ ತಂತಿ ಸುಮಾರು 0.06 ಮಿಲಿಮೀಟರ್ ದಪ್ಪ, ಕೂದಲಿನಷ್ಟೇ. ನಮ್ಮ ಉಪ್ಪು ಗಾಳಿ ಅದನ್ನು ಬೇಗ ತಿನ್ನುತ್ತದೆ. ಅದನ್ನು ಫ್ಯಾನ್ ವೈಂಡಿಂಗ್‌ನವರ ಕೈಗೆ ಕೊಡಬೇಡಿ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಚಿಂತೆ ಇಲ್ಲ, ಅದಕ್ಕೂ ಅದೇ ಕ್ಲೀನರ್ ಸಾಕು.

ಜೊತೆಗೆ ಎರಡು ಪಿನ್ನಿನ ಪ್ಲಗ್ ಇರುವ ಹಳೇ ವಾಲ್ವ್ ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಗಿಟಾರ್ ಜೋಡಿಸಿ ನೋಡಲೇಬೇಡಿ. ಗಿಟಾರಿನ ತಂತಿಗಳು ಆಂಪ್ಲಿಫೈಯರ್‌ನ ಲೋಹದ ಮೈಗೆ ಸೇರಿರುತ್ತವೆ. ಅರ್ತಿಂಗ್ ಇಲ್ಲದಿದ್ದರೆ ಕರೆಂಟ್ ನೇರ ನಿಮ್ಮ ಬೆರಳಿಗೆ ಬರಬಹುದು.

ಒಬ್ಬರು 'ಪಾಲಿಶ್ ಮಾಡಿಸಿ, ಬಣ್ಣ ಹೊಡೆಸಿ' ಅಂತ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಆ ಮಾಸಿದ ಕೆಂಪು, ತಿರುಗಿಸುವ ಹಳೇ ಗುಬ್ಬಿಗಳು, ಹಳೇ ಸ್ಕ್ರೂಗಳು, ಇವೇ ಅದರ ಗುರುತು. ಏನನ್ನು ಬದಲಿಸಿದರೂ ಮೂಲ ತುಂಡನ್ನು ಚೀಲದಲ್ಲಿ ಕಟ್ಟಿಡಿ. ಬೆರಳಾಡಿಸುವ ಪಟ್ಟಿ ಬೀಟೆಯದೇ ಆಗಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ಎಣ್ಣೆ ಸವರಿ, ಅಷ್ಟೇ. ಭಾರತದ ಬೀಟೆ ಪ್ರಪಂಚದ ಎಷ್ಟೋ ಗಿಟಾರ್‌ಗಳ ಮೇಲಿದೆ. ಯಲ್ಲಾಪುರದ ಕಾಡಿನಲ್ಲಿ ಬೆಳೆಯುವುದೂ ಅದೇ ಜಾತಿಯ ಮರ ಅಂತ ನೆನೆದರೆ ನನಗೆ ಈಗಲೂ ಖುಷಿ.

ಬೆಲೆಗೆ ಬರೋಣ. ಲಕ್ಷಗಟ್ಟಲೆ ಬಾಳುವುದು ಅಮೆರಿಕದ ಫೆಂಡರ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಎಂಬ ದೊಡ್ಡ ಕಂಪನಿ ಕೊಳ್ಳುವ ಮೊದಲು ಮಾಡಿದ ಗಿಟಾರ್‌ಗಳಂಥವು. ಇದು ಆ ಸಾಲಿನದಲ್ಲ. ಆದರೆ ನೆಕ್ ನೆಟ್ಟಗಿದ್ದು ಮೂರೂ ಪಿಕಪ್ ಮೀಟರಿನಲ್ಲಿ ಸರಿ ತೋರಿಸಿದರೆ ನಾನಾಗಿದ್ದರೆ ಒಂಬತ್ತು ಸಾವಿರ ಕೊಡುತ್ತಿದ್ದೆ. ಒಂದು ಸತ್ತಿದ್ದರೆ ಮೀಟರ್ ತೋರಿಸಿ ಇಳಿಸಲು ಕೇಳಿ. ಸುಮ್ನೆ ಚೌಕಾಶಿ ಮಾಡುವುದಕ್ಕಿಂತ ಇದನ್ನು ಅಂಗಡಿಯವರು ಬೇಗ ಒಪ್ಪುತ್ತಾರೆ. ಯಾರ ಗಿಟಾರ್ ಅಂತಲೂ ಕೇಳಿ, ಬಿಡಿಭಾಗ ಸಿಗುವುದು ಹೀಗೇ. ನನ್ನದರ ಟ್ರೆಮೊಲೊ ಕಡ್ಡಿ (ಒತ್ತಿ ಸ್ವರ ಅಲುಗಾಡಿಸುವ ಕಡ್ಡಿ) ಅದೇ ಅಂಗಡಿಯ ಮೈಕ್ ಸ್ಟ್ಯಾಂಡ್ ಸ್ಕ್ರೂ ಡಬ್ಬಿಯಲ್ಲಿತ್ತು.

ಮನೆಗೆ ತಂದ ಮೇಲೆ ಶಿರಸಿಯ ಮಳೆಗಾಲ ನೆನಪಿರಲಿ. ಮುಚ್ಚಿದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೂಷ್ಟು ಬರುತ್ತದೆ. ಗಾಳಿಯಾಡುವ ಒಳಗೋಡೆಗೆ ತೂಗುಹಾಕಿ, ನುಡಿಸಿದಾಗಲೆಲ್ಲ ತಂತಿ ಒರೆಸಿ. ಫ್ರೆಟ್ ಕೆಲಸಕ್ಕೆ ನಾನು ಮಡಗಾಂವಕ್ಕೆ ಹೋಗುತ್ತೇನೆ, ನಿಮಗೆ ಹುಬ್ಬಳ್ಳಿ ಹತ್ತಿರ. ಕುಮಟಾ, ಹೊನ್ನಾವರ ಕಡೆ ಯಾರಾದರೂ ಹಳೇ ಪಿಕಪ್ ಸುತ್ತಿಸಿದ್ದರೆ ಎಲ್ಲಿ, ಎಷ್ಟಾಯಿತು ಅಂತ ಇಲ್ಲೇ ತಿಳಿಸಿ. ನನಗೂ ಬೇಕಾಗಿದೆ.