ಅಪ್‌ಡೇಟ್: ಕಣ್ಣ ಮುಂದ ಮಿಂಚು, ಆಮೇಲೆ ತಲಿನೋವು

ತಂಗಿಗೆ ತಲಿನೋವಿಗಿಂತ ಮೊದ್ಲ ಹೊಳೆಯೋ ಅಂಕುಡೊಂಕು ಗೆರಿ ಕಾಣ್ತಾವು, ಸೈನಸ್ ಇರಬಹುದೇನು ಅಂತ ಕೇಳಿದ್ದೆ. ಡಾಕ್ಟರ್ ಹೇಳಿದ್ದು: ಆರಾ (ನೋವಿಗಿಂತ ಮೊದ್ಲ ಬರೋ ಇಂಥ ಲಕ್ಷಣ) ಇರೋ ಮೈಗ್ರೇನ್. ಉತ್ತರ ಕೊಟ್ಟವರಿಗೆಲ್ಲ ಶರಣ್ರಿ.

ಆರಾದ ಗುರುತಂದ್ರ ಅದು ಸಾವಕಾಶ ಹರಡೋದು. ನೋಟದ ನಡುವ ಸಣ್ಣ ಚುಕ್ಕಿಯಾಗಿ ಶುರುವಾಗಿ ಅಂಚಿಗೆ ಸರೀತೈತಿ, ಅದು ದಾಟಿದ ಭಾಗ ಕಾಣೂದಿಲ್ಲ. ಒಂದೊಂದು ಲಕ್ಷಣ ಸಾಮಾನ್ಯವಾಗಿ 5ರಿಂದ 60 ನಿಮಿಷ. ಬೆರಳಿನ ಜುಮುಜುಮು ಕೈ ಏರಿ ತುಟಿ ಮುಟ್ಟೂದೂ ಐತಿ. ಲಕ್ವ ಹಂಗಲ್ಲ, ಒಮ್ಮಿಂದೊಮ್ಮೆಲೆ ಹೊಡೀತೈತಿ. ಮುಖ ಸೊಟ್ಟ ಆತು, ಕೈ ಎತ್ತಾಕ ಬರವಲ್ದು, ಮಾತು ತೊದಲಾಕತ್ತೈತಿ ಅಂದ್ರ ಯಾವ ಬಗೀ ಮೈಗ್ರೇನ್ ಅಂತ ಲೆಕ್ಕ ಹಾಕ್ಕೋತ ಕೂಡಬ್ಯಾಡ್ರಿ, ಸೀದಾ ಹತ್ರದ ದವಾಖಾನಿ ತುರ್ತು ವಿಭಾಗಕ್ಕ ಹೋಗ್ರಿ. ಹೆಮಿಪ್ಲೆಜಿಕ್ ಅನ್ನೋ ಅಪರೂಪದ ಮೈಗ್ರೇನ್‌ನಾಗೂ ಒಂದು ಬದಿ ಶಕ್ತಿ ಹೋಗ್ತೈತಿ, ಖರೆ, ಆದ್ರ ಅದನ್ನ ಮನ್ಯಾಗ ಕೂತು ನಿರ್ಧರಿಸೂದಲ್ಲ.

ಆರಾ ಇದ್ದ ಹೆಣ್ಮಕ್ಕಳಿಗೆ ಈಸ್ಟ್ರೋಜನ್ ಹಾರ್ಮೋನ್ ಇರೋ ಗರ್ಭನಿರೋಧಕ ಗುಳಿಗಿಯಿಂದ ಲಕ್ವದ ಅಪಾಯ ಏರ್ತೈತಿ. ಡಾಕ್ಟರ್ ಕೇಳದಿದ್ರೂ ಆರಾ ಬರ್ತೈತಿ ಅಂತ ನೀವಾಗೇ ಹೇಳ್ರಿ.

ಹೆಚ್ಚು ಮಂದಿಗೆ ಬರೂದು ಆರಾ ಇಲ್ಲದ್ದು: 4ರಿಂದ 72 ತಾಸು ಮಿಡಿಯೋ ನೋವು, ಮೆಟ್ಲ ಹತ್ತಿದ್ರ ಜಾಸ್ತಿ, ವಾಕರಿಕಿ, ಬೆಳಕು ಸಪ್ಪಳ ಎರಡೂ ಬ್ಯಾಡ. ತಲಿ ತಿರುಗೂದೇ ಮುಖ್ಯ ಆದ್ರ ವೆಸ್ಟಿಬ್ಯುಲರ್ ಅನ್ನೋ ಬಗೀ ಮೈಗ್ರೇನ್ ಇರಬಹುದು.

ನನ್ನ ಪ್ರಕಾರ ಎಲ್ಲಾರೂ ಎಡವೂದು ಗುಳಿಗಿಯೊಳಗ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗಂತ ಕೊಡೋ ಗುಳಿಗಿ) 10 ದಿನ ಮುಟ್ಟಿ 3 ತಿಂಗಳು ದಾಟಿದ್ರ ಗುಳಿಗೀನೇ ತಲಿನೋವು ತರಬಹುದು. ಗೋಡಿ ಕ್ಯಾಲೆಂಡರ್‌ನಾಗ ನೋವಿನ ದಿನಕ್ಕ ಒಂದು ಗುರುತು, ಗುಳಿಗಿ ದಿನಕ್ಕ ಬ್ಯಾರೆ ಗುರುತು ಹಾಕಿ, ಫೋಟೋ ತಗೊಂಡು ಡಾಕ್ಟರ್‌ಗೆ ತೋರಿಸ್ರಿ.